ಸಣ್ಣ ಲ್ಯಾಪ್‌ಟಾಪು, ದಟ್ಟ ಪರದೆ: ಕನ್ನಡ ಓದುವ ಕಣ್ಣಿಗೆ ಎಷ್ಟು ಪಿಕ್ಸೆಲ್ ಬೇಕು?

ಲ್ಯಾಪ್‌ಟಾಪ್ ಅಂಗಡಿಗೆ ಹೋದವರು ಮೊದಲು ಕೇಳುವುದು ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಸ್ಟೋರೇಜ್ ಎಷ್ಟು ಎಂದು. ಪರದೆಯ ವಿಚಾರ ಬಂದರೆ ‘ಎಷ್ಟು ಇಂಚು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆ ಇಂಚುಗಳೊಳಗೆ ಎಷ್ಟು ಪಿಕ್ಸೆಲ್ ತುಂಬಿದ್ದಾರೆ ಎಂಬ ಸಾಲು ವಿವರದ ಚೀಟಿಯ ಕೆಳಗೆಲ್ಲೋ ಸಣ್ಣಗೆ ಅಚ್ಚಾಗಿರುತ್ತದೆ; ಓದುವವರು ಕಡಿಮೆ. ಹದಿಮೂರು, ಹದಿನಾಲ್ಕು ಇಂಚಿನ ಸಣ್ಣ ಲ್ಯಾಪ್‌ಟಾಪ್ ಹುಡುಕುವವರು, ಅದರಲ್ಲೂ ದಿನವಿಡೀ ಕನ್ನಡ ಓದಿ ಬರೆಯುವವರು, ಮೊದಲು ನೋಡಬೇಕಾದದ್ದು ಆ ಸಾಲನ್ನೇ ಎಂದು ನಾನು ಬಲವಾಗಿ ನಂಬಿದ್ದೇನೆ. ಪ್ರೊಸೆಸರ್ ಒಂದು ಮೆಟ್ಟಿಲು ಕೆಳಗಿನದಾದರೂ ಬರವಣಿಗೆ, ಮಿಂಚಂಚೆ, ಬ್ರೌಸರ್ ಕೆಲಸಕ್ಕೆ ತೊಂದರೆಯಾಗದು. ಪರದೆ ಮಂಕಾದರೆ ಮಾತ್ರ ಅದನ್ನು ಪ್ರತಿದಿನ, ಪ್ರತಿ ಸಾಲಿನಲ್ಲೂ ಕಣ್ಣು ಅನುಭವಿಸಬೇಕು.

ಇದಕ್ಕೆ ಕಾರಣ ನಮ್ಮ ಲಿಪಿಯ ರಚನೆಯಲ್ಲಿದೆ. ‘ದ’ ಮತ್ತು ‘ಧ’ಗಳನ್ನು ಬೇರೆ ಮಾಡುವುದು ಬುಡದ ಒಂದು ಪುಟ್ಟ ಸೀಳು. ‘ಥ’ಕ್ಕೆ ಅದರ ಜೊತೆಗೆ ಹೊಟ್ಟೆಯೊಳಗೊಂದು ಗುರುತು. ‘ಪ’, ‘ಫ’, ‘ಷ’ಗಳ ನಡುವಿನ ಅಂತರವೂ ಒಂದೊಂದು ಎಳೆಯಷ್ಟೇ. ಅದರ ಮೇಲೆ ಒತ್ತಕ್ಷರ. ‘ಸ್ತ್ರೀ’ ಎಂಬ ಒಂದೇ ಅಕ್ಷರವನ್ನು ಹತ್ತಿರದಿಂದ ನೋಡಿ: ನಡುವೆ ‘ಸ’, ನೆತ್ತಿಯ ಮೇಲೆ ಗುಡಿಸು, ಬಲಕ್ಕೆ ದೀರ್ಘದ ಗುರುತು, ಕೆಳಗೆ ತ ಒತ್ತು, ಅದರ ಬೆನ್ನಿಗೆ ರ ಒತ್ತು. ವಿಂಡೋಸ್ ತನ್ನ ಮೂಲ ಅಳತೆಯಲ್ಲಿ ಇಂಚಿಗೆ 96 ಪಿಕ್ಸೆಲ್ ಎಂದು ಲೆಕ್ಕ ಹಿಡಿಯುತ್ತದೆ. ಪಾಯಿಂಟ್ ಎಂದರೆ ಇಂಚಿನ 72ನೇ ಒಂದು ಭಾಗ. ಹಾಗಾಗಿ 11 ಪಾಯಿಂಟಿನ ಅಕ್ಷರಕ್ಕೆ ಸಿಗುವ ಎತ್ತರ ಸುಮಾರು 15 ಪಿಕ್ಸೆಲ್. ‘ಸ’ದ ಮೈಗೆ ಅದರಲ್ಲಿ ಅರ್ಧದಷ್ಟು ಹೋದರೆ, ಎರಡು ಒತ್ತುಗಳಿಗೆ ಉಳಿಯುವುದು ನಾಲ್ಕೈದು ಪಿಕ್ಸೆಲ್ ಮಾತ್ರ. ಅಷ್ಟರಲ್ಲಿ ತ ಒತ್ತಿನ ತಿರುವೂ ರ ಒತ್ತಿನ ಬಾಲವೂ ಕಲಸಿ ಒಂದು ಬೂದು ಮಚ್ಚೆಯಾಗುತ್ತವೆ. ಅದೇ ಅಕ್ಷರವನ್ನು ಅಷ್ಟೇ ದೊಡ್ಡದಾಗಿ, ಆದರೆ ಎರಡು ಪಟ್ಟು ದಟ್ಟವಾದ ಪರದೆಯಲ್ಲಿ ಬರೆದರೆ 30 ಪಿಕ್ಸೆಲ್ ಎತ್ತರ ಸಿಗುತ್ತದೆ. ಅಗಲವೂ ದುಪ್ಪಟ್ಟಾಗುವುದರಿಂದ ಅಕ್ಷರ ಕಟ್ಟಲು ನಾಲ್ಕು ಪಟ್ಟು ಚುಕ್ಕೆಗಳಿರುತ್ತವೆ. ಆಗ ಸೀಳು ಸೀಳಾಗಿಯೂ ಒತ್ತು ಒತ್ತಾಗಿಯೂ ಕಾಣುತ್ತದೆ.

ಇಂಗ್ಲಿಷ್ ಓದುವವರಿಗೆ ಈ ಕಷ್ಟ ಇಷ್ಟು ತೀವ್ರವಾಗಿ ತಟ್ಟಲಿಲ್ಲ. ಅವರ ಅಕ್ಷರಗಳು ಸರಳ. ಸಾಲದ್ದಕ್ಕೆ 1996ರಲ್ಲಿ ಹೊರಬಂದ ವರ್ಡಾನಾ, ಜಾರ್ಜಿಯಾದಂಥ ಅಕ್ಷರಶೈಲಿಗಳನ್ನು ಮ್ಯಾಥ್ಯೂ ಕಾರ್ಟರ್ ಅವರಂಥ ನುರಿತ ವಿನ್ಯಾಸಕಾರರು ವಿರಳ ಪಿಕ್ಸೆಲ್ಲಿನ ಪರದೆಗೆಂದೇ ರೂಪಿಸಿದರು. ಕನ್ನಡದ ಹೆಚ್ಚಿನ ಅಕ್ಷರಶೈಲಿಗಳಿಗೆ ಅಂಥ ಆರೈಕೆ ಸಿಗಲಿಲ್ಲ. ವಿಂಡೋಸ್ ಎಕ್ಸ್‌ಪಿ ಜೊತೆ ಬಂದ ‘ತುಂಗಾ’ವನ್ನು ಸಣ್ಣ ಗಾತ್ರದಲ್ಲಿ ಓದಿದವರಿಗೆ ಆ ಕಾಲದ ಕಣ್ಣುನೋವು ನೆನಪಿರಬಹುದು. ವಿಂಡೋಸ್ 8ರಿಂದ ಬಂದ ‘ನಿರ್ಮಲಾ’ ಎಷ್ಟೋ ವಾಸಿ. ಗೂಗಲ್‌ನ ನೋಟೋ ಕನ್ನಡ ಶೈಲಿಗಳು ಇನ್ನೂ ಹದವಾಗಿವೆ. ಆದರೂ ಒಂದೇ ಶೈಲಿಯನ್ನು ಎರಡು ಪರದೆಗಳಲ್ಲಿ ಅಕ್ಕಪಕ್ಕ ಇಟ್ಟು ನೋಡಿದರೆ, ಶೈಲಿಯ ಗುಣಕ್ಕಿಂತ ಪರದೆಯ ದಟ್ಟಣೆಯೇ ಹೆಚ್ಚು ವ್ಯತ್ಯಾಸ ಮಾಡುವುದು ಗೊತ್ತಾಗುತ್ತದೆ.

ಹಾಗಾದರೆ ಎಷ್ಟು ದಟ್ಟಣೆ ಸಾಕು? ಇದಕ್ಕೆ ಲೆಕ್ಕವಿದೆ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಅಂತರವನ್ನು ಬಿಡಿಸಿ ನೋಡಬಲ್ಲದು ಎಂಬುದು ಕಣ್ಣಿನ ವೈದ್ಯರು ಬಳಸುವ ಅಳತೆ. ಪರದೆ 60 ಸೆಂಟಿಮೀಟರ್ ದೂರದಲ್ಲಿದ್ದರೆ ಇಂಚಿಗೆ ಸುಮಾರು 145 ಪಿಕ್ಸೆಲ್ ಆದಾಗ ಬಿಡಿ ಚುಕ್ಕೆಗಳು ಕಾಣದಾಗುತ್ತವೆ. 50 ಸೆಂಟಿಮೀಟರಿಗೆ 175 ಬೇಕು, 40 ಸೆಂಟಿಮೀಟರಿಗೆ 218. ಮೇಜಿನ ಮೇಲಿನ ದೊಡ್ಡ ಮಾನಿಟರನ್ನು ನಾವು ದೂರದಿಂದ ನೋಡುತ್ತೇವೆ. ಸಣ್ಣ ಲ್ಯಾಪ್‌ಟಾಪ್ ಹಾಗಲ್ಲ. ಅದರ ಕೀಲಿಮಣೆಯೂ ಪರದೆಯೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ, ತೊಡೆಯ ಮೇಲೋ ಬಸ್ಸಿನ ಸೀಟಿನಲ್ಲೋ ಇಟ್ಟುಕೊಂಡಾಗ ಕಣ್ಣು 40–50 ಸೆಂಟಿಮೀಟರಿನೊಳಗೇ ಬಂದುಬಿಡುತ್ತದೆ. ಆದ್ದರಿಂದ ಸಣ್ಣ ಯಂತ್ರಕ್ಕೆ ದಟ್ಟ ಪರದೆಯ ಅಗತ್ಯ ದೊಡ್ಡದಕ್ಕಿಂತ ಹೆಚ್ಚು. ವಕ್ರರೇಖೆಯ ಅಂಚು ಕೊಂಚ ಮುರಿದಿದ್ದರೂ ಕಣ್ಣು ಅದನ್ನು ಈ ಮಿತಿಗಿಂತ ಸೂಕ್ಷ್ಮವಾಗಿ ಗುರುತಿಸುತ್ತದೆ. ದುಂಡು ತಿರುವುಗಳೇ ತುಂಬಿದ ಕನ್ನಡಕ್ಕೆ ಇದೂ ಲೆಕ್ಕಕ್ಕೆ ಬರುವ ಮಾತು. ಇಂಚಿಗೆ 200ರಿಂದ 250 ಪಿಕ್ಸೆಲ್ಲಿನ ನಡುವೆ ನಮ್ಮ ಹದ ಇದೆ ಎಂದು ನಾನು ಹೇಳುವುದು ಈ ಎರಡು ಕಾರಣಗಳಿಂದ.

ಈ ಹದಕ್ಕೆ ಮಾರುಕಟ್ಟೆ ಬಂದು ತಲುಪಿದ್ದು ಬಹಳ ತಡವಾಗಿ. ತಂತ್ರಜ್ಞಾನ ಇರಲಿಲ್ಲವೆಂದಲ್ಲ. ಐಬಿಎಂ 2001ರಲ್ಲೇ 22.2 ಇಂಚಿನ, 3840x2400 ಪಿಕ್ಸೆಲ್ಲಿನ ಮಾನಿಟರ್ ಹೊರತಂದಿತ್ತು. ಅದರ ದಟ್ಟಣೆ ಇಂಚಿಗೆ 204. ಅಷ್ಟು ಚುಕ್ಕೆಗಳನ್ನು ಅಕ್ಷರ ತಿದ್ದಲು ಬಳಸುವ ಬುದ್ಧಿ ಆಗಿನ ತಂತ್ರಾಂಶಗಳಿಗೆ ಇರಲಿಲ್ಲ. ಸೋನಿಯ ವಯೋ ಪಿ 2009ರಲ್ಲಿ ಬಂದಾಗಲೂ ಅದೇ ಕಥೆ: 8 ಇಂಚಿನಲ್ಲಿ 1600x768, ಇಂಚಿಗೆ 220ಕ್ಕೂ ಹೆಚ್ಚು. ಪರದೆ ಚೂಪು, ಅಕ್ಷರಗಳು ಮಾತ್ರ ಇರುವೆಯ ಸಾಲು. ಇತ್ತ ಸಾಮಾನ್ಯ ಲ್ಯಾಪ್‌ಟಾಪುಗಳೆಲ್ಲ 1366x768ಕ್ಕೆ ಬಂದು ವರ್ಷಗಟ್ಟಲೆ ಅಲ್ಲೇ ಕೂತವು. 15.6 ಇಂಚಿನಲ್ಲಿ ಅದು ಇಂಚಿಗೆ 100 ಪಿಕ್ಸೆಲ್. ನಮ್ಮ ಕಾಲೇಜು, ಕಚೇರಿ, ಪತ್ರಿಕಾಲಯಗಳಲ್ಲಿ ಒಂದಿಡೀ ತಲೆಮಾರು ಕನ್ನಡವನ್ನು ಆ ಪರದೆಗಳಲ್ಲೇ ಓದಿತು. ತಿರುವು ಬಂದದ್ದು 2012ರಲ್ಲಿ. ಆಪಲ್ ಜೂನ್‌ನಲ್ಲಿ 15 ಇಂಚಿನ, ಅಕ್ಟೋಬರ್‌ನಲ್ಲಿ 13 ಇಂಚಿನ ರೆಟಿನಾ ಮ್ಯಾಕ್‌ಬುಕ್ ಪ್ರೊ ತಂದಿತು. 13 ಇಂಚಿನದರಲ್ಲಿ 2560x1600, ಅಂದರೆ ಇಂಚಿಗೆ 227. ಯಂತ್ರಕ್ಕಿಂತ ಮುಖ್ಯವಾದದ್ದು ಅದರ ಕಾರ್ಯವ್ಯವಸ್ಥೆ ಆ ಪಿಕ್ಸೆಲ್ಲುಗಳನ್ನು ಬಳಸಿದ ರೀತಿ. ಅಕ್ಷರದ ಗಾತ್ರವನ್ನು ಹಾಗೇ ಇಟ್ಟು, ಪ್ರತಿ ಹಳೆಯ ಚುಕ್ಕೆಯ ಜಾಗದಲ್ಲಿ ನಾಲ್ಕು ಚುಕ್ಕೆ ಬಳಸಿತು. ಮರುವರ್ಷವೇ ಗೂಗಲ್‌ನ ಕ್ರೋಮ್‌ಬುಕ್ ಪಿಕ್ಸೆಲ್ 2560x1700ರೊಂದಿಗೆ ಬಂತು. 2015ರಲ್ಲಿ ಡೆಲ್‌ನ ಎಕ್ಸ್‌ಪಿಎಸ್ 13 ಅಂಚುಗಳನ್ನು ಸಪೂರಗೊಳಿಸಿ 13.3 ಇಂಚಿನಲ್ಲಿ 3200x1800 ಕೂಡಿಸಿತು. ಅದೇ ವರ್ಷ ಆಪಲ್‌ನ 12 ಇಂಚಿನ ಮ್ಯಾಕ್‌ಬುಕ್ 920 ಗ್ರಾಂ ತೂಕದಲ್ಲಿ 2304x1440 ಕೊಟ್ಟಿತು. ಸಣ್ಣದಿದ್ದರೆ ಪರದೆ ಕಳಪೆ ಇರಲೇಬೇಕು ಎಂಬ ಕಾಲ ಅಲ್ಲಿಗೆ ಮುಗಿಯಿತು.

ಪಿಕ್ಸೆಲ್ ಹೆಚ್ಚಾದರೆ ಪರದೆಯಲ್ಲಿ ಹೆಚ್ಚು ವಿಷಯ ಹಿಡಿಸುತ್ತದೆ ಎಂದು ಬಹಳ ಜನ ಎಣಿಸುತ್ತಾರೆ. ಇಲ್ಲಿ ಎರಡು ಬೇರೆ ಲಾಭಗಳು ಬೆರೆತುಹೋಗಿವೆ: ಒಂದು ಜಾಗ, ಇನ್ನೊಂದು ಸ್ಪಷ್ಟತೆ. 14 ಇಂಚಿನ 2880x1800 ಪರದೆಯನ್ನು ಶೇ. 100ರ ಅಳತೆಯಲ್ಲಿಟ್ಟರೆ ಜಾಗ ಮೈದಾನದಷ್ಟು ಸಿಗುತ್ತದೆ, ಓದಲು ಭೂತಗನ್ನಡಿ ಬೇಕಾಗುತ್ತದೆ. ಶೇ. 200ಕ್ಕೆ ಏರಿಸಿದರೆ ಜಾಗ 1440x900ರಷ್ಟೇ, ಅಕ್ಷರ ಮಾತ್ರ ಅಚ್ಚಿನಷ್ಟು ಸ್ವಚ್ಛ. ಸಣ್ಣ ಲ್ಯಾಪ್‌ಟಾಪಿನಲ್ಲಿ ಎರಡೂ ಒಟ್ಟಿಗೆ ಸಿಗುವುದಿಲ್ಲ. ಗಾಜಿನ ಅಗಲ ಅಷ್ಟೇ ಇರುವಾಗ ಸಿಗುವುದಾದರೂ ಹೇಗೆ? ಎರಡು ಕಡತಗಳನ್ನು ಅಕ್ಕಪಕ್ಕ ತೆರೆದು ಕೆಲಸ ಮಾಡಲೇಬೇಕಾದವರು ಮನೆಯಲ್ಲೊಂದು ಮಾನಿಟರ್ ಇಟ್ಟುಕೊಳ್ಳುವುದು ಲೇಸು. ದಟ್ಟ ಪರದೆಗೆ ಕೊಡುವ ಹಣ ಸ್ಪಷ್ಟತೆಗೆ ಕೊಡುವ ಹಣ ಎಂದು ಮನಸ್ಸಿನಲ್ಲಿ ನಿಶ್ಚಯವಾಗಿದ್ದರೆ ಆಯ್ಕೆ ಸುಲಭವಾಗುತ್ತದೆ.

ಈಗ ಅಂಗಡಿಯಲ್ಲಿ ಸಿಗುವ ಬಗೆಗಳತ್ತ ಬರೋಣ. 1366x768 ಇಂದಿಗೂ ಅಗ್ಗದ ಮಾದರಿಗಳಲ್ಲಿ, ಹಳೆಯ ಯಂತ್ರಗಳಲ್ಲಿ ಕಾಣುತ್ತದೆ. ಎಷ್ಟೇ ಕಡಿಮೆ ಬೆಲೆಯಿದ್ದರೂ ಅದನ್ನು ಬಿಟ್ಟುಬಿಡಿ ಎಂದೇ ಹೇಳುತ್ತೇನೆ. ಅದರ ಮೇಲಿನದು ಫುಲ್ ಎಚ್‌ಡಿ, 1920x1080. 13.3 ಇಂಚಿನಲ್ಲಿ ಇದು ಇಂಚಿಗೆ 166, 14 ಇಂಚಿನಲ್ಲಿ 157. ಕೆಲಸ ನಡೆಯುತ್ತದೆ, ದೂರ ಕೂತರೆ ಚೆನ್ನಾಗಿಯೇ ನಡೆಯುತ್ತದೆ. ಒತ್ತಕ್ಷರಗಳ ಅಂಚು ಮಾತ್ರ ಮೆತ್ತಗಿರುತ್ತದೆ. ಇದರದೇ ಎತ್ತರದ ರೂಪ 1920x1200. ನಂತರ ‘2.2ಕೆ’, ‘2.5ಕೆ’ ಎಂಬ ಹೆಸರಿನವು. 13.5 ಇಂಚಿನಲ್ಲಿ 2256x1504 (ಮೈಕ್ರೋಸಾಫ್ಟ್ ಸರ್ಫೇಸ್ ಲ್ಯಾಪ್‌ಟಾಪಿನ ಹಿಂದಿನ ಮಾದರಿಗಳು, ಫ್ರೇಮ್‌ವರ್ಕ್ 13) ಇಂಚಿಗೆ 201. ಲೆನೊವೊದ ಎಕ್ಸ್1 ನ್ಯಾನೊ 13 ಇಂಚಿನಲ್ಲಿ 2160x1350 ಕೊಟ್ಟಿತು, ತೂಕ ಒಂದು ಕಿಲೋಗೂ ಕಡಿಮೆ. 14 ಇಂಚಿನಲ್ಲಿ 2560x1600 ಆದರೆ 216. ಮ್ಯಾಕ್‌ಬುಕ್ ಏರ್ 2018ರಿಂದ ಇದೇ ವರ್ಗದಲ್ಲಿದೆ. 2022ರ ಎಂ2 ಮಾದರಿಯಲ್ಲಿ 13.6 ಇಂಚಿಗೆ 2560x1664, ತೂಕ 1.24 ಕಿಲೋ. ಕನ್ನಡಕ್ಕೆ ನನ್ನ ಮೆಚ್ಚುಗೆಯ ಗುಂಪು ಇದೇ. ‘2.8ಕೆ’ ಎಂದು ಮಾರುವ 2880x1800 ಇದಕ್ಕಿಂತ ತುಸು ದಟ್ಟ, 14 ಇಂಚಿನಲ್ಲಿ 243. ಅದರ ದೊಡ್ಡ ಅನುಕೂಲವೆಂದರೆ ಸರಿಯಾಗಿ ಶೇ. 200ಕ್ಕೆ ಇಟ್ಟರೂ ಜಾಗ ಇಕ್ಕಟ್ಟೆನಿಸುವುದಿಲ್ಲ. ಕೊನೆಯದು 4ಕೆ. 13.3 ಇಂಚಿನಲ್ಲಿ 3840x2160 ಎಂದರೆ ಇಂಚಿಗೆ 331. ಅಷ್ಟನ್ನು ಕಣ್ಣು ಹೀರಬೇಕಾದರೆ ಪರದೆಯನ್ನು ಮೂಗಿನ ಹತ್ತಿರ ಹಿಡಿಯಬೇಕು. ಫುಲ್ ಎಚ್‌ಡಿಯಲ್ಲಿ ಸುಮಾರು 20 ಲಕ್ಷ ಪಿಕ್ಸೆಲ್, 2880x1800ರಲ್ಲಿ 52 ಲಕ್ಷ, 4ಕೆಯಲ್ಲಿ 83 ಲಕ್ಷ. ಕಾಣದ ಚುಕ್ಕೆಗಳಿಗೂ ಬ್ಯಾಟರಿ ತೆರಬೇಕು. ಸಣ್ಣ ಲ್ಯಾಪ್‌ಟಾಪಿಗೆ 4ಕೆ ದಂಡ.

ಬ್ಯಾಟರಿಯ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಎಲ್‌ಸಿಡಿ ಪರದೆಯಲ್ಲಿ ಪಿಕ್ಸೆಲ್ ಚಿಕ್ಕದಾದಷ್ಟೂ ಅದರ ಸುತ್ತಲಿನ ತಂತಿ, ಟ್ರಾನ್ಸಿಸ್ಟರುಗಳು ಹೆಚ್ಚು ಜಾಗ ಕಬಳಿಸುತ್ತವೆ. ಹಿಂದಿನಿಂದ ಬರುವ ಬೆಳಕು ಹಾಯುವ ಕಿಂಡಿ ಕಿರಿದಾಗುತ್ತದೆ. ಅಷ್ಟೇ ಪ್ರಖರತೆ ಬೇಕೆಂದರೆ ಬೆಳಕನ್ನು ಹೆಚ್ಚಿಸಬೇಕು. ಇದರ ಜೊತೆಗೆ ಗ್ರಾಫಿಕ್ಸ್ ಭಾಗವೂ ಹೆಚ್ಚು ದುಡಿಯಬೇಕು. ಹಾಗಾಗಿ ಒಂದೇ ಲ್ಯಾಪ್‌ಟಾಪಿನ ಫುಲ್ ಎಚ್‌ಡಿ ಆವೃತ್ತಿ 4ಕೆ ಆವೃತ್ತಿಗಿಂತ ಗಂಟೆಗಟ್ಟಲೆ ಹೆಚ್ಚು ನಡೆಯುವುದುಂಟು. ಮಧ್ಯದ ದಟ್ಟಣೆಯಲ್ಲಿ ಈ ಹೊರೆ ತಾಳುವಷ್ಟಿರುತ್ತದೆ. ಹಳ್ಳಿಗಳಲ್ಲಿ ಕರೆಂಟಿಗೆ ಕಾಯುವವರು, ದಿನವೆಲ್ಲ ಓಡಾಡುತ್ತ ಕೆಲಸ ಮಾಡುವ ವರದಿಗಾರರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಪರದೆ 90 ಅಥವಾ 120 ಹರ್ಟ್ಸ್‌ನದಾಗಿದ್ದರೆ ಬ್ಯಾಟರಿಯಲ್ಲಿ ಓಡುವಾಗ ಅದನ್ನು 60ಕ್ಕೆ ಇಳಿಸಿಕೊಳ್ಳಬಹುದು. ಓದುವುದಕ್ಕೆ ಅಷ್ಟು ಸಾಕು.

ಪಿಕ್ಸೆಲ್ ಇದ್ದರಷ್ಟೇ ಆಗಲಿಲ್ಲ, ತಂತ್ರಾಂಶ ಅದನ್ನು ಬಳಸಬೇಕು. ಕನ್ನಡಿಗರು ನಿಜವಾಗಿ ಪೆಟ್ಟು ತಿನ್ನುವುದು ಇಲ್ಲಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಭಾಗದಲ್ಲಿ ‘ಸ್ಕೇಲ್’ ಎಂಬ ಆಯ್ಕೆ ಇದೆ: ಶೇ. 100, 125, 150, 200 ಹೀಗೆ. ಹೊಸ ಕಾಲದ ತಂತ್ರಾಂಶಗಳು ಈ ಸಂಖ್ಯೆಯನ್ನು ಕೇಳಿಕೊಂಡು ತಮ್ಮ ಅಕ್ಷರವನ್ನು ಹೊಸದಾಗಿ ಬಿಡಿಸುತ್ತವೆ. ಬ್ರೌಸರ್, ವರ್ಡ್, ಲಿಬ್ರೆಆಫೀಸ್ ಎಲ್ಲ ಸರಿಯಾಗಿ ಕಾಣುತ್ತವೆ. ಹಳೆಯ ತಂತ್ರಾಂಶಗಳಿಗೆ ಹೀಗೊಂದು ಸಂಖ್ಯೆಯಿದೆ ಎಂಬುದೇ ಗೊತ್ತಿಲ್ಲ. ಅಂಥವನ್ನು ವಿಂಡೋಸ್ ಮೊದಲು ಶೇ. 100ರಲ್ಲಿ ಬಿಡಿಸಿ, ಬಂದ ಚಿತ್ರವನ್ನು ಎಳೆದು ದೊಡ್ಡದು ಮಾಡುತ್ತದೆ. ಫಲವಾಗಿ ದುಬಾರಿ ಪರದೆಯ ಮೇಲೆ ಹಳೆಯ ಪರದೆಗಿಂತಲೂ ಮಬ್ಬಾದ ಅಕ್ಷರ.

ನಮ್ಮ ಡಿಟಿಪಿ ಕೇಂದ್ರಗಳು, ಸಣ್ಣ ಪ್ರಕಾಶಕರು, ಜಿಲ್ಲಾ ಪತ್ರಿಕೆಗಳು ಇಂದಿಗೂ ಪೇಜ್‌ಮೇಕರ್ ಬಳಸುತ್ತಿವೆ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್‌ಪೂರ್ವದ ಅಕ್ಷರಗಳಲ್ಲಿ ಬರೆದ ಸಾವಿರಾರು ಕಡತಗಳು ಇನ್ನೂ ಓಡಾಡುತ್ತಿವೆ. ಇವರು ಆಸೆಪಟ್ಟು 2.8ಕೆ ಲ್ಯಾಪ್‌ಟಾಪ್ ಕೊಂಡು ಪೇಜ್‌ಮೇಕರ್ ತೆರೆದರೆ ಮೊದಲ ನೋಟಕ್ಕೇ ನಿರಾಶೆ. ಸ್ವಲ್ಪ ಸುಧಾರಿಸುವ ದಾರಿ ಇದೆ. ಆ ತಂತ್ರಾಂಶದ ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಟ್ಯಾಬಿಗೆ ಹೋಗಿ, ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’ ಒತ್ತಿದರೆ ಕೆಳಗೆ ಮೂರು ಆಯ್ಕೆಗಳು ಸಿಗುತ್ತವೆ. ‘ಸಿಸ್ಟಮ್ (ಎನ್‌ಹ್ಯಾನ್ಸ್‌ಡ್)’ ಎಂಬುದನ್ನು ಆರಿಸಿದರೆ ಕೆಲವು ಹಳೆಯ ತಂತ್ರಾಂಶಗಳ ಅಕ್ಷರ ಚುರುಕಾಗುತ್ತದೆ. ‘ಅಪ್ಲಿಕೇಶನ್’ ಆರಿಸಿದರೆ ಮಬ್ಬು ಹೋಗುತ್ತದೆ, ಮೆನು, ಗುಂಡಿಗಳೆಲ್ಲ ಸಾಸಿವೆಯಷ್ಟಾಗುತ್ತವೆ; ಪುಟವನ್ನು ಹಿಗ್ಗಿಸಿಕೊಂಡು ಕೆಲಸ ಮಾಡುವವರಿಗೆ ಅದೇ ಒಪ್ಪಿಗೆಯಾಗಲೂಬಹುದು. ದಿನವಿಡೀ ಇಂಥ ಹಳೆಯ ತಂತ್ರಾಂಶದಲ್ಲೇ ದುಡಿಯುವವರಿಗೆ ಮಾತ್ರ ನನ್ನ ಸಲಹೆ ಬೇರೆ: ಸಣ್ಣ ದಟ್ಟ ಪರದೆಯ ಆಸೆ ಬಿಟ್ಟು, ದೊಡ್ಡ ಫುಲ್ ಎಚ್‌ಡಿ ಮಾನಿಟರಿನಲ್ಲೇ ಶೇ. 100ರಲ್ಲಿ ಕೆಲಸ ಮಾಡಿ. ಕಡತಗಳನ್ನು ಯೂನಿಕೋಡಿಗೆ ಒಯ್ದ ಮೇಲೆ ಹೊಸ ಯಂತ್ರ ಕೊಳ್ಳಿ.

ಮ್ಯಾಕ್‌ನ ಹಾದಿ ಬೇರೆ. ಅದು ಎಲ್ಲವನ್ನೂ ಎರಡು ಪಟ್ಟು ದೊಡ್ಡದಾಗಿ ಬಿಡಿಸಿ, ಬೇಕಾದರೆ ಆ ಚಿತ್ರವನ್ನು ಕುಗ್ಗಿಸಿ ಪರದೆಗೆ ಹೊಂದಿಸುತ್ತದೆ. ಹಾಗಾಗಿ ಯಾವ ತಂತ್ರಾಂಶವೂ ತೀರ ಕೆಟ್ಟದಾಗಿ ಕಾಣುವುದಿಲ್ಲ. ಆದರೆ 2018ರ ಮೊಹಾವೆ ಆವೃತ್ತಿಯಿಂದ ಉಪಪಿಕ್ಸೆಲ್ (ಪಿಕ್ಸೆಲ್ಲಿನೊಳಗಿನ ಕೆಂಪು, ಹಸಿರು, ನೀಲಿ ಪಟ್ಟಿಗಳು) ಬಳಸಿ ಅಕ್ಷರ ನಯಗೊಳಿಸುವ ಕ್ರಮವನ್ನು ಆಪಲ್ ಕೈಬಿಟ್ಟಿತು. ಮ್ಯಾಕ್‌ಬುಕ್ಕಿನ ಸ್ವಂತ ಪರದೆಯಲ್ಲಿ ಇದರ ಕೊರತೆ ಕಾಣದು. 24 ಇಂಚಿನ ಸಾಮಾನ್ಯ ಮಾನಿಟರ್ ಜೋಡಿಸಿದಾಗ ಕನ್ನಡ ಅಕ್ಷರಗಳು ಸೊರಗಿದಂತೆ ಕಾಣುವುದು ಈ ಕಾರಣಕ್ಕೆ. ಲಿನಕ್ಸ್ ಬಳಸುವವರಿಗೆ ಒಂದು ಮಾತು ಸಾಕು: ವೇಲ್ಯಾಂಡ್ ಇರುವ ಹೊಸ ಆವೃತ್ತಿಗಳಲ್ಲಿ ಎರಡು ಪರದೆಗಳಿಗೆ ಎರಡು ಅಳತೆ ಇಡಬಹುದು, ಹಳೆಯ ಎಕ್ಸ್11ನಲ್ಲಿ ಅದು ಇಂದಿಗೂ ತಲೆನೋವು. ಸರಿಯಾಗಿ ಶೇ. 200 ಇಡಲು ಬರುವ ಪರದೆ ಆರಿಸಿಕೊಂಡರೆ ಲಿನಕ್ಸ್‌ನಲ್ಲಿ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ.

ಪರದೆಯ ಆಕಾರದ ಬಗ್ಗೆ ನಮ್ಮಲ್ಲಿ ಚರ್ಚೆಯೇ ಆಗುವುದಿಲ್ಲ. 16:9 ಆಕಾರ ಸಿನಿಮಾಕ್ಕೆ ಹೊಂದುತ್ತದೆ. ಓದಿಗೆ ಎತ್ತರ ಬೇಕು, ಕನ್ನಡದ ಓದಿಗೆ ಇನ್ನೂ ಹೆಚ್ಚು ಬೇಕು, ಏಕೆಂದರೆ ಒತ್ತಕ್ಷರಗಳಿಗಾಗಿ ಸಾಲು ಸಾಲಿನ ನಡುವೆ ಹೆಚ್ಚು ತೆರಪು ಬಿಡಬೇಕು. 14 ಇಂಚಿನ 16:9 ಪರದೆಯ ಎತ್ತರ 174 ಮಿಲಿಮೀಟರ್. ಅದೇ 14 ಇಂಚು 16:10 ಆದರೆ 188. 13.5 ಇಂಚಿನ 3:2 ಪರದೆ ಅಳತೆಯಲ್ಲಿ ಚಿಕ್ಕದಾದರೂ ಎತ್ತರದಲ್ಲಿ 190 ಮಿಲಿಮೀಟರ್ ದಾಟುತ್ತದೆ. ಈ ಎತ್ತರದ ಬೆಲೆ ಗೊತ್ತಾಗುವುದು ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿ ಓದುವಾಗ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ರಾಶಿ ರಾಶಿ ಇವೆ. ಅಂಥದೊಂದು ಡೆಮಿ ಆಕಾರದ ಪುಟ, ಮೂವತ್ತು ಸಾಲು, ಇಡಿಯಾಗಿ ಪರದೆಯಲ್ಲಿ ಕೂರಬೇಕು ಎನ್ನಿ. 768 ಪಿಕ್ಸೆಲ್ ಎತ್ತರದ ಪರದೆಯಲ್ಲಿ ಮೆನು, ಟಾಸ್ಕ್‌ಬಾರ್ ಕಳೆದು ಒಂದು ಸಾಲಿಗೆ ಉಳಿಯುವುದು ಇಪ್ಪತ್ತು ಚಿಲ್ಲರೆ ಪಿಕ್ಸೆಲ್, ಅದರಲ್ಲೇ ಒತ್ತೂ ಸಾಲಿನ ತೆರಪೂ ಸೇರಬೇಕು. 1800 ಪಿಕ್ಸೆಲ್ ಎತ್ತರದ ಪರದೆಯಲ್ಲಿ ಒಂದೊಂದು ಸಾಲಿಗೂ ಐವತ್ತರ ಮೇಲೆ ಸಿಗುತ್ತದೆ. ಮೊದಲನೆಯದರಲ್ಲಿ ಪುಟವನ್ನು ಹಿಗ್ಗಿಸಿ, ಸರಿಸಿ, ಮತ್ತೆ ಹಿಗ್ಗಿಸಿ ಓದಬೇಕು. ಎರಡನೆಯದರಲ್ಲಿ ಪುಸ್ತಕ ಓದಿದಂತೆ ಓದಬಹುದು. ಸಂಶೋಧನಾ ವಿದ್ಯಾರ್ಥಿಗಳಿಗೂ ಕರಡು ತಿದ್ದುವವರಿಗೂ ಈ ಒಂದು ಕಾರಣ ಸಾಕು.

ಎಲ್‌ಸಿಡಿಯಲ್ಲೇ ಒಂದು ಬಗೆಯಾದ ಐಪಿಎಸ್ ಕೊಳ್ಳಬೇಕೋ ಓಎಲ್‌ಇಡಿಯೋ? ಓಎಲ್‌ಇಡಿಯಲ್ಲಿ ಕಪ್ಪು ನಿಜವಾದ ಕಪ್ಪು. ಸಿನಿಮಾ, ಚಿತ್ರಗಳು ಮನಸ್ಸು ಗೆಲ್ಲುತ್ತವೆ. ಓದುವವರು ಮೂರು ವಿಷಯ ಗಮನಿಸಬೇಕು. ಅದರಲ್ಲಿ ಪ್ರತಿ ಪಿಕ್ಸೆಲ್ಲೂ ತಾನೇ ಉರಿಯುವುದರಿಂದ ಬಿಳಿ ಪುಟವೇ ಅದಕ್ಕೆ ಹೆಚ್ಚು ಖರ್ಚಿನದು, ನಮ್ಮ ಕೆಲಸವಿರುವುದೋ ಬಿಳಿ ಪುಟದಲ್ಲಿ. ಎರಡನೆಯದಾಗಿ, ಹಲವು ಓಎಲ್‌ಇಡಿ ಪರದೆಗಳು ಬೆಳಕು ತಗ್ಗಿಸಲು ವೇಗವಾಗಿ ಆರಿ ಹೊತ್ತುತ್ತವೆ. ಕೆಲವರಿಗೆ ಇದರಿಂದ ಕಣ್ಣು ಉರಿ, ತಲೆನೋವು. ಬೆಳಕನ್ನು ತೀರ ಕಡಿಮೆ ಮಾಡಿ, ಫೋನ್ ಕ್ಯಾಮೆರಾದ ಶಟರ್ ವೇಗ ಹೆಚ್ಚಿಸಿ ನೋಡಿದರೆ ಪರದೆಯಲ್ಲಿ ಪಟ್ಟೆಗಳು ಹರಿದಾಡುವುದು ಕಾಣುತ್ತದೆ. ಮೂರನೆಯದು ಅಕ್ಷರಕ್ಕೇ ಸಂಬಂಧಿಸಿದ್ದು. ವಿಂಡೋಸ್‌ನ ಕ್ಲಿಯರ್‌ಟೈಪ್, ಪ್ರತಿ ಪಿಕ್ಸೆಲ್ಲಿನೊಳಗೆ ಕೆಂಪು, ಹಸಿರು, ನೀಲಿ ಪಟ್ಟಿಗಳು ಅದೇ ಕ್ರಮದಲ್ಲಿ ಸಾಲಾಗಿ ಇವೆ ಎಂದು ನಂಬಿ ಅಕ್ಷರ ತಿದ್ದುತ್ತದೆ. ಬಹಳಷ್ಟು ಓಎಲ್‌ಇಡಿ ಪರದೆಗಳಲ್ಲಿ ಆ ಜೋಡಣೆ ಬೇರೆ. ಹಾಗಾಗಿ ಅಕ್ಷರದ ಅಂಚಿಗೆ ಬಣ್ಣದ ಎಳೆ ಅಂಟುತ್ತದೆ. 2.8ಕೆ ದಟ್ಟಣೆಯಲ್ಲಿ ಇದು ಕಣ್ಣಿಗೆ ಬೀಳುವುದು ಕಷ್ಟ, ಫುಲ್ ಎಚ್‌ಡಿ ಓಎಲ್‌ಇಡಿಯಲ್ಲಿ ಕಾಣುತ್ತದೆ. ಆದ್ದರಿಂದ ಓಎಲ್‌ಇಡಿ ಬೇಕೆಂದರೆ ದಟ್ಟವಾದದ್ದನ್ನೇ ಕೊಳ್ಳಿ. ಫುಲ್ ಎಚ್‌ಡಿಗೆ ಮಾತ್ರ ಹಣ ಇದ್ದರೆ ಒಳ್ಳೆಯ ಐಪಿಎಸ್ ಸಾಕು.

ಅಗ್ಗದ ಪರದೆಗಳ ನಿಜವಾದ ದೋಷ ಎಷ್ಟೋ ಸಲ ಪಿಕ್ಸೆಲ್ ಸಂಖ್ಯೆಯಲ್ಲಿರದೆ ಬೆಳಕಿನಲ್ಲಿರುತ್ತದೆ. ವಿವರದಲ್ಲಿ ‘250 ನಿಟ್ಸ್, 45% ಎನ್‌ಟಿಎಸ್‌ಸಿ’ ಎಂದಿದ್ದರೆ ಮಂಕು ಬೆಳಕು, ತೊಳೆದಂಥ ಬಣ್ಣ ಎಂದೇ ಅರ್ಥ. ಜಗಲಿಯಲ್ಲಿ ಕೂತು, ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಕೆಲಸ ಮಾಡುವವರಿಗೆ 400 ನಿಟ್ಸ್ ಬೇಕು. ಹೊಳಪಿನ ಗಾಜು ನಮ್ಮ ಬಿಸಿಲಿಗೆ ಕನ್ನಡಿಯಾಗುತ್ತದೆ. ಮ್ಯಾಟ್ ಪರದೆ ಪ್ರತಿಫಲನ ತಡೆಯುತ್ತದೆ. ಅಗ್ಗದ ಮ್ಯಾಟ್ ಲೇಪದಲ್ಲಿ ಮಾತ್ರ ಬಿಳಿ ಪುಟದ ಮೇಲೆ ಮರಳು ಚೆಲ್ಲಿದಂತೆ ತರಿತರಿ ಕಾಣುವುದುಂಟು.

ಹೊಸದಕ್ಕೆ ಹಣ ಹೊಂದದವರಿಗೆ ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ದೊಡ್ಡ ಆಸರೆ. ಐಟಿ ಕಂಪನಿಗಳು ಲೀಸಿಗೆ ಪಡೆದು ವಾಪಸು ಮಾಡಿದ ಲ್ಯಾಪ್‌ಟಾಪುಗಳು ಎಸ್‌ಪಿ ರಸ್ತೆಯ ಅಂಗಡಿಗಳಿಂದ ಹಿಡಿದು ಜಿಲ್ಲಾ ಕೇಂದ್ರಗಳವರೆಗೆ ಹರಿದುಬರುತ್ತವೆ. ಇಲ್ಲಿ ಎಚ್ಚರ ಬೇಕಾದದ್ದು ಒಂದೇ ಹೆಸರಿನ ಯಂತ್ರಕ್ಕೆ ಬೇರೆ ಬೇರೆ ಪರದೆ ಇರುವುದರಲ್ಲಿ. 2018ರ ಥಿಂಕ್‌ಪ್ಯಾಡ್ ಟಿ480 ತೆಗೆದುಕೊಳ್ಳಿ. ಅದೇ ಹೆಸರು, ಅದೇ ಮೈ. ಒಳಗಿನ ಪರದೆ 1366x768 ಇರಬಹುದು, 1920x1080 ಇರಬಹುದು, 2560x1440 ಕೂಡ ಇರಬಹುದು. ಕೊನೆಯದಾದರೆ ಇಂಚಿಗೆ 210, ನಮ್ಮ ಹದದೊಳಗೇ ಬಂತು. ಅದೇ ಕಾಲದ ಎಕ್ಸ್1 ಕಾರ್ಬನ್ ಆರನೇ ಪೀಳಿಗೆ ಇನ್ನೂ ಹಗುರ, ಸುಮಾರು 1.13 ಕಿಲೋ, ಅದರಲ್ಲೂ ಫುಲ್ ಎಚ್‌ಡಿ, 2560x1440 ಎರಡೂ ಬಗೆಗಳಿವೆ. ವ್ಯಾಪಾರಿಗಳು ಇವನ್ನು ಪ್ರೊಸೆಸರ್, ರ‍್ಯಾಮ್ ನೋಡಿ ಬೆಲೆ ಕಟ್ಟುವುದೇ ಹೆಚ್ಚು. ಪರದೆ ಕೇಳುವ ಗಿರಾಕಿಗೆ ಇದು ಲಾಭದ ಸಂಗತಿ. ಕಡಿಮೆ ದಟ್ಟಣೆಯ ಪರದೆಯ ಟಿ480 ಕೊಂಡು ಆಮೇಲೆ ಪ್ಯಾನೆಲ್ ಬದಲಿಸುತ್ತೇನೆ ಎನ್ನುವವರು ಕೇಬಲ್ ವಿಚಾರ ತಿಳಿದಿರಬೇಕು: ಫುಲ್ ಎಚ್‌ಡಿ ಪ್ಯಾನೆಲ್‌ಗೆ 30 ಪಿನ್ನಿನ ಕೇಬಲ್ ಸಾಕು, 2560x1440ಕ್ಕೆ 40 ಪಿನ್ನಿನದು ಬೇಕು. ಪ್ಯಾನೆಲ್ ತಂದಿಟ್ಟುಕೊಂಡು ಕೇಬಲ್ ಹೊಂದದೆ ಪರದಾಡುವುದು ತಪ್ಪುತ್ತದೆ.

ತೂಕ, ಗಾತ್ರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1.3 ಕಿಲೋ ಒಳಗಿದ್ದರೆ ಹೆಗಲು ದೂರುವುದಿಲ್ಲ. ಚಾರ್ಜರ್ ಸೇರಿಸಿ ತೂಗಿ ನೋಡಿ, ಯುಎಸ್‌ಬಿ-ಸಿ ಚಾರ್ಜಿಂಗ್ ಇದೆಯೇ ಕೇಳಿ, ರ‍್ಯಾಮ್ ಬೆಸುಗೆ ಹಾಕಿದ್ದಾದರೆ ಮೊದಲೇ 16 ಜಿಬಿ ತೆಗೆದುಕೊಳ್ಳಿ. ನಲವತ್ತೈದು ದಾಟಿ ಓದುವ ಕನ್ನಡಕ ಬಂದವರು 13ಕ್ಕಿಂತ 14 ಇಂಚಿನದನ್ನು ಆರಿಸುವುದು ಮೇಲು. ಅವರಿಗೆ ಅಕ್ಷರ ದೊಡ್ಡದೂ ಇರಬೇಕು, ದೊಡ್ಡದು ಮಾಡಿದಾಗ ಸಾಲಿಗೆ ನಾಲ್ಕೈದು ಪದವಾದರೂ ಹಿಡಿಸಬೇಕು.

ಅಂಗಡಿಯಲ್ಲಿ ಪರೀಕ್ಷಿಸುವ ಕ್ರಮ ಸರಳ. ಅಲ್ಲಿ ಓಡುತ್ತಿರುವ ಬಣ್ಣಬಣ್ಣದ ವಿಡಿಯೋ ನಿಲ್ಲಿಸಲು ಹೇಳಿ. ಪೆನ್‌ಡ್ರೈವಿನಲ್ಲಿ ನಿಮ್ಮದೇ ಒಂದು ಕನ್ನಡ ಕಡತ ಒಯ್ಯಿರಿ. ಅದರಲ್ಲಿ ‘ರಾಷ್ಟ್ರ’, ‘ವೈಶಿಷ್ಟ್ಯ’, ‘ಸಾಮರ್ಥ್ಯ’, ‘ದಾಕ್ಷಿಣ್ಯ’ದಂಥ ಪದಗಳಿರಲಿ. ಸ್ಕೇಲ್ ಎಷ್ಟಿದೆ ನೋಡಿ, ನೀವು ದಿನಾ ಓದುವ ಗಾತ್ರಕ್ಕೆ ತನ್ನಿ, ನೀವು ಕೂರುವಷ್ಟೇ ದೂರದಲ್ಲಿ ಕೂತು ಒಂದು ಪುಟ ಪೂರ್ತಿ ಓದಿ. ‘ಸಾಮರ್ಥ್ಯ’ದ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಅಂಟದೆ ನಿಂತಿದೆಯೇ, ಯ ಒತ್ತಿನ ಸುರುಳಿ ತೆರೆದಿದೆಯೇ, ‘ಥ’ ‘ಧ’ ಆಗಿಲ್ಲವಷ್ಟೆ? ಪಕ್ಕದಲ್ಲಿ ಬೇರೆ ದಟ್ಟಣೆಯ ಯಂತ್ರವಿದ್ದರೆ ಅದೇ ಕಡತ ಅಲ್ಲೂ ತೆರೆಯಿರಿ. ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಈ ಅವಕಾಶ ಇಲ್ಲದ್ದರಿಂದ ಮಾದರಿಯ ಪೂರ್ಣ ಸಂಕೇತ ಸಂಖ್ಯೆ ಹಿಡಿದು ಪರದೆಯ ವಿವರ ನೋಡಬೇಕು; ಬರಿಯ ಹೆಸರು ನಂಬಬಾರದು. ಪೆಟ್ಟಿಗೆ ಬಂದ ದಿನವೇ ಪೂರ್ತಿ ಬಿಳಿ, ಪೂರ್ತಿ ಕಪ್ಪು ಪುಟ ತೆರೆದು ಸತ್ತ ಪಿಕ್ಸೆಲ್, ಅಂಚಿನಲ್ಲಿ ಸೋರುವ ಬೆಳಕು ಇದೆಯೇ ಪರಿಶೀಲಿಸಿ. ವಾಪಸಾತಿಯ ಅವಧಿ ಮುಗಿದರೆ ಒಂದೆರಡು ಸತ್ತ ಪಿಕ್ಸೆಲ್ಲಿಗೆ ವಾರಂಟಿ ಸಿಗುವುದು ಕಷ್ಟ.

ಕೊಂಡ ಮೇಲೆ ಜೋಪಾನವೂ ಬೇಕು. ದಟ್ಟ ಪರದೆಗಳು ಹೆಚ್ಚಾಗಿ ತೆಳುವಾಗಿರುತ್ತವೆ, ಕೆಲವಕ್ಕೆ ಮೇಲಿನ ಗಾಜೂ ಒಳಗಿನ ಪ್ಯಾನೆಲ್ಲೂ ಒಟ್ಟಿಗೆ ಅಂಟಿರುತ್ತವೆ. ಕೀಲಿಮಣೆಯ ಮೇಲೆ ಪೆನ್ನಿನ ಮುಚ್ಚಳವೋ ಇಯರ್‌ಫೋನೋ ಉಳಿದಿರುವಾಗ ಮುಚ್ಚಿದರೆ ಒಂದೇ ಏಟಿಗೆ ಸೀಳುತ್ತವೆ. ಫುಲ್ ಎಚ್‌ಡಿ ಪ್ಯಾನೆಲ್ ಹೆಚ್ಚಿನ ಊರುಗಳಲ್ಲಿ ರಿಪೇರಿಯವರ ಬಳಿ ಸಿಗುತ್ತದೆ. 2.5ಕೆ, 2.8ಕೆ ಪ್ಯಾನೆಲ್ಲುಗಳನ್ನು ತರಿಸಬೇಕು, ಬೆಲೆಯೂ ಜಾಸ್ತಿ. ಕೊಳ್ಳುವ ಮೊದಲೇ ಆಯಾ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಪರದೆ ಬದಲಿಸಲು ಎಷ್ಟಾಗುತ್ತದೆ ಎಂದು ಕೇಳಿಕೊಳ್ಳಿ. ಯಂತ್ರ ಮನೆಗೆ ಬಂದ ಮೇಲೆ ‘ಎಚ್‌ಡಬ್ಲ್ಯುಇನ್ಫೋ’ದಂಥ ಉಚಿತ ತಂತ್ರಾಂಶದಲ್ಲಿ ಪ್ಯಾನೆಲ್ಲಿನ ಮಾದರಿ ಸಂಖ್ಯೆ ನೋಡಿ ಬಿಲ್ಲಿನ ಹಿಂದೆ ಬರೆದಿಡಿ, ಮುಂದೆಂದಾದರೂ ಒಡೆದಾಗ ರಿಪೇರಿಯವರು ಮೊದಲು ಕೇಳುವುದು ಆ ಸಂಖ್ಯೆಯನ್ನೇ.